ಸಂತಿ ಅಂತೋಣಿಯ ಮ್ಯಾಳಗಿ

೧೮ ಅಕ್ಟೋಬರ್ ೧೯೮೩, ಗುಮ್ಮನಹಾಳ

ಅಂತೂ ಬಂದು ಮುಟ್ಟಿದೆ. ನವಲಗುಂದದಲ್ಲಿ ಬಸ್ಸಿಳಿದ ಮೇಲೆ ಎತ್ತಿನ ಗಾಡಿ. ದಾರಿಯುದ್ದಕ್ಕೂ ಕಪ್ಪು ನೆಲ, ಹೆಸರಿಗೊಂದು ತೆಂಗಿನ ಮರ ಇಲ್ಲ. ಇಷ್ಟು ಬಯಲಿನಲ್ಲಿ ಮನುಷ್ಯನಿಗೆ ಮರೆಯಲ್ಲಿ ನಿಂತು ಅಳಲಿಕ್ಕೂ ಜಾಗ ಇಲ್ಲ ಮಾರಾಯ.

ಗಾಡಿ ನಿಂತಾಗ "ಇಗರ್ಜಿ ಎಲ್ಲಿ ಉಂಟು?" ಎಂದು ಕೇಳಿದೆ. ಕರೆದುಕೊಳ್ಳಲು ಬಂದಿದ್ದ ಉಪದೇಶಿ ಇನ್ನಾಸಪ್ಪ ನನ್ನನ್ನು ಮೇಲೆ ಕೆಳಗೆ ನೋಡಿದ. "ಅದರ ಮುಂದನ ನಿಂತೀರಲ್ರಿ ಪಾದರ್ರ."

ನಾನು ಯಾರದೋ ದವಸದ ಗೋದಾಮು ಎಂದುಕೊಂಡಿದ್ದೆ. ಚರ್ಚಿನ ಗೋಪುರ ಇಲ್ಲ, ಕಮಾನಿಲ್ಲ, ಹೆಂಚೂ ಇಲ್ಲ. ಮಣ್ಣಿನ ಗೋಡೆ, ಮೇಲೆ ಚಪ್ಪಟೆ ಮಣ್ಣಿನ ಮಾಳಿಗೆ. ಗಂಟೆಯನ್ನು ಹೊರಗೆ ಬೇವಿನ ಮರಕ್ಕೆ ಕಟ್ಟಿದ್ದಾರೆ, ಕೊಡಪಾನ ನೇತುಹಾಕಿದ ಹಾಗೆ. ಒಳಗೆ ಹೋಗುವಾಗ ಬಾಗಿಲ ಚೌಕಟ್ಟು ಹಣೆಗೆ ಬಡಿಯಿತು. "ಎಲ್ಲಾರಿಗೂ ಮೊದಲನೇ ಸಲ ಬಡೀತೈತ್ರಿ" ಎಂದು ಇನ್ನಾಸಪ್ಪ ಸಮಾಧಾನ ಹೇಳಿದ.

ದೊಡ್ಡ ಸ್ವಾಮಿಗಳ, ಅಂದರೆ ನಮ್ಮ ಬಿಷಪರ, ಅಪ್ಪಣೆ ಸ್ಪಷ್ಟ ಉಂಟು: "ಸಿಪ್ರಿಯನ್, ಆ ಹಳೆಯದನ್ನು ಕೆಡವಿ ಹೊಸ ಇಗರ್ಜಿ ಕಟ್ಟು. ಕಟ್ಟಿ ಮುಗಿಸಿದ ದಿನ ನಿನ್ನನ್ನು ಕರಾವಳಿಗೆ ವಾಪಸ್ ಕರೆಸುತ್ತೇನೆ." ನನ್ನ ಟ್ರಂಕಿನಲ್ಲಿ ನಕ್ಷೆಯೂ ಸಿದ್ಧ ಉಂಟು. ಎರಡು ಗೋಪುರ, ಚೂಪು ಕಮಾನಿನ ಕಿಟಕಿ, ಬಣ್ಣದ ಗಾಜು. ಎಷ್ಟು ಬೇಗ ಕೆಡವುತ್ತೇನೋ ಅಷ್ಟು ಬೇಗ ಸಮುದ್ರ ನೋಡುತ್ತೇನೆ.

ಅಡುಗೆಗೆ ಫಕೀರವ್ವ ಎಂಬ ಮುದುಕಿ ಇದ್ದಾಳೆ, ಕುರುಬರ ಪೈಕಿ. ಜೋಳದ ರೊಟ್ಟಿ ಬಡಿದು ಕೊಟ್ಟಳು. ಅರ್ಧ ತಿನ್ನುವಷ್ಟರಲ್ಲಿ ದವಡೆ ಸೋತಿತು. ನಮ್ಮ ಕುಚ್ಚಲಕ್ಕಿ ಗಂಜಿ ನೆನಪಾಗಿ ಕಣ್ಣು ಒದ್ದೆಯಾಯಿತು, ಸುಳ್ಳೇಕೆ.

೨೩ ಅಕ್ಟೋಬರ್, ಭಾನುವಾರ

ಮೊದಲ ಪ್ರಸಂಗ. ಇದು ಸಂತ ಅಂತೋನಿಯವರ ಇಗರ್ಜಿಯಲ್ಲವೇ, ಹಾಗಾಗಿ "ಈ ದಿನ ನಾವು ಸಂತರ ಬಗ್ಗೆ ತಿಳಿಯೋಣ" ಎಂದು ಗಂಭೀರವಾಗಿ ಆರಂಭಿಸಿದೆ. ಹಿಂದೆ ಕುಳಿತಿದ್ದ ಒಬ್ಬ ರೈತ ಎದ್ದು ನಿಂತು ಕೇಳಿದ:

"ಯಾವ ಸಂತಿರಿ? ನವಲಗುಂದದ್ದೋ, ಅಣ್ಣಿಗೇರಿದೋ?"

ಇಲ್ಲಿ ಸಂತಿ ಅಂದರೆ ವಾರದ ಸಂತೆ! ಸಂತ ಅಂತೋನಿಯವರು ಈ ಊರಿನ ಬಾಯಲ್ಲಿ ಎಂದೋ "ಸಂತಿ ಅಂತೋಣಿ" ಆಗಿಬಿಟ್ಟಿದ್ದಾರೆ. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತ ಇವರು ಎಂದು ಜಗತ್ತಿಗೇ ಗೊತ್ತು. ಗುಮ್ಮನಹಾಳದ ಪ್ರಕಾರ ಇವರು ಸಂತೆಯಲ್ಲಿ ಕಳೆದದ್ದನ್ನು ಹುಡುಕಿಕೊಡುವವರು. ಎತ್ತು, ಟಗರು, ಚಪ್ಪಲಿ, ಒಮ್ಮೆ ಒಬ್ಬರ ಅತ್ತೆ. ಪೀಠದ ಮೇಲಿನ ಸಂತರ ತಲೆಗೆ ಹಳದಿ ರುಮಾಲು ಸುತ್ತಿದ್ದಾರೆ, ಸಂತೆಗೆ ಹೊರಟವರ ಹಾಗೆ. ಬಿಚ್ಚಿಸಲು ಹೋದೆ. ಫಕೀರವ್ವ ನನ್ನ ಕೈ ತಡೆದಳು: "ಬಿಸಲಾಗ ತಿರಗಾಂವ ಅಂವ. ಇರ್ಲಿ ಬಿಡ್ರಿ."

ಪ್ರಾರ್ಥನೆಗೆ ಬಂದವರಲ್ಲಿ ಅರ್ಧಕ್ಕರ್ಧ ಮಂದಿ ಕ್ರೈಸ್ತರೇ ಅಲ್ಲ. ಏನಾದರೂ ಕಳೆದುಕೊಂಡವರು.

ಊರಿನ ಇಗರ್ಜಿಯ ಇತಿಹಾಸ ಕೇಳಿದೆ. ಇನ್ನಾಸಪ್ಪನ ಪ್ರಕಾರ ನೂರು ವರ್ಷದ ಹಿಂದೆ ಗೋವಾ ಕಡೆಯ ಒಬ್ಬ ಪಾದ್ರಿಯ ಕುದುರೆ ನವಲಗುಂದದ ಸಂತೆಯಲ್ಲಿ ತಪ್ಪಿಸಿಕೊಂಡು, ಹರಕೆ ಹೊತ್ತ ಮೇಲೆ ಈ ಬೇವಿನ ಕೆಳಗೆ ಸಿಕ್ಕಿತು. ಫಕೀರವ್ವನ ಪ್ರಕಾರ ಕುದುರೆಯಲ್ಲ, ಕೊಡೆ. ಇಬ್ಬರೂ ನನ್ನೆದುರೇ ಜಗಳಾಡಿದರು. "ಕೊಡಿ ತಾನಾಗೇ ಇಲ್ಲೀತನ ನಡಕೊಂತ ಬಂತೇನ ಬೇ?" ಎಂದ ಇನ್ನಾಸಪ್ಪ. "ಅದಕ್ಕ ಪವಾಡ ಅಂತಾರ ಲೇ" ಎಂದಳು ಅವಳು.

೯ ನವೆಂಬರ್

ಹುಬ್ಬಳ್ಳಿಯಿಂದ ಇಂಜಿನಿಯರ್ ಶಂಭುಲಿಂಗಪ್ಪನವರು ಬಂದಿದ್ದರು. ಕೆಡವಲು ಒಂದು ಒಳ್ಳೆಯ ಕಾರಣ ಹೇಳಿ ಹೋಗಲಿ ಎಂದು ನಾನೇ ಕರೆಸಿದ್ದು. ಅವರೋ ಕಂಬ ಕಂಬ ಸವರುತ್ತ ಹೊಗಳಲು ಶುರುಮಾಡಿದರು.

"ಇದನ್ನ ಕಟ್ಟಿದವರು ಮಠ ಕಟ್ಟೂ ಮಂದಿರಿ, ಪಾದರ್ರ. ಚರ್ಚು ಕಣ್ಣಲೆ ಸೈತ ನೋಡಿಲ್ಲ ಅವರು. ತಮಗ ಗೊತ್ತಿದ್ದಂಗ ಕಟ್ಯಾರ."

ಸರಿಯಾಗಿ ನೋಡಿದ್ದು ನಾನೂ ಇವತ್ತೇ. ಕಲಘಟಗಿಯ ಕಾಡಿನಿಂದ ಗಾಡಿಗಳಲ್ಲಿ ತಂದ ತೇಗದ ಕಂಬಗಳು. ಪ್ರತಿ ಕಂಬದ ತಲೆಯ ಮೇಲೆ ಕೆತ್ತಿದ ಜೋಡಿ ಗಿಳಿ, ನಡುವೆ ಶಿಲುಬೆ. ಗಿಳಿಗಳು ಶಿಲುಬೆಯನ್ನು ಪೇರಲಹಣ್ಣು ಎಂದುಕೊಂಡ ಹಾಗಿದೆ. ಗೋಡೆ ಎಷ್ಟು ದಪ್ಪ ಎಂದರೆ ಕಿಟಕಿಯ ಗೂಡಿನಲ್ಲಿ ಒಬ್ಬ ಕಾಲು ಮಡಚಿ ಮಲಗಬಹುದು. ಪೀಠದ ನೆತ್ತಿಗೆ ಮಾಳಿಗೆಯಲ್ಲಿ ಒಂದು ತೂತು, ಬೆಳಕಿಂಡಿ ಅನ್ನುತ್ತಾರೆ. ಬೆಳಗಿನ ಪೂಜೆಯ ಹೊತ್ತಿಗೆ ಬಿಸಿಲು ಅದರಿಂದ ಇಳಿದು ನೇರ ಪೀಠದ ಮೇಲೆ ಬೀಳುತ್ತದೆ. ಇದೊಂದು ಪರವಾಗಿಲ್ಲ.

ನಿಚ್ಚಣಿಕೆ ಹತ್ತಿ ಮಾಳಿಗೆಗೆ ಹೋದೆವು. ಶಂಭುಲಿಂಗಪ್ಪನವರ ನಗು ಅಲ್ಲಿ ನಿಂತಿತು. ಮೇಲೆ ಮಣ್ಣು ನನ್ನ ಸೊಂಟದೆತ್ತರ ಬೆಳೆದಿದೆ.

"ಇದು ಮ್ಯಾಳಗಿ ಅಲ್ರಿ, ಹೊಲ! ಬಿತ್ತಿದ್ರ ಜ್ವಾಳಾ ಬರತಾವ."

ಆಗ ಇನ್ನಾಸಪ್ಪ ವಿಷಯ ಬಿಡಿಸಿ ಹೇಳಿದ. ಈ ಕಡೆ ಪ್ರತಿ ಮನೆಯವರೂ ಮುಂಗಾರಿಗೆ ಮೊದಲು ತಮ್ಮ ಮಾಳಿಗೆಗೆ ಹಳ್ಳದ ಸವಳು ಮಣ್ಣು ಹಾಕಿ ಗಟ್ಟಿಮಾಡುತ್ತಾರೆ, ನೀರಿಳಿಯದ ಹಾಗೆ. ಸಂತಿ ಅಂತೋಣಿಗೆ ಹರಕೆಯೂ ಅದೇ: ಕಳೆದದ್ದು ಸಿಕ್ಕರೆ ಅವನ ಮಾಳಿಗೆಗೆ ಒಂದು ಬುಟ್ಟಿ ಮಣ್ಣು. ಮೇಣದ ಬತ್ತಿ ಇಲ್ಲ, ಕಾಣಿಕೆ ಇಲ್ಲ, ಮಣ್ಣು. ನೂರು ವರ್ಷದಿಂದ ಸಿಕ್ಕ ಎತ್ತು, ಟಗರು, ಚಪ್ಪಲಿಗಳೆಲ್ಲ ಈ ಮಾಳಿಗೆಯ ಮೇಲೆ ಕುಳಿತಿವೆ.

"ಈಗಾಗಲೇ ನಡುವಿನ ತೊಲಿ ಬಾಗೇತ್ರಿ. ಮುಂದಿನ ಮುಂಗಾರಿಗೆ ಈ ಮಣ್ಣು ನೀರು ಕುಡೀತಂದ್ರ ಎಲ್ಲಾ ಕೆಳಗ ಬರತೈತಿ. ಒಂದೋ ಮಣ್ಣು ತಗಸ್ರಿ, ಇಲ್ಲಾ ಕೆಡವ್ರಿ" ಎಂದರು ಶಂಭುಲಿಂಗಪ್ಪನವರು.

ಕೆಡವುವುದೇ ಸರಿ. ಈಸ್ಟರ್ ಮುಗಿದ ಕೂಡಲೇ ಕೆಲಸ ಶುರು. ಇವತ್ತು ಚೆನ್ನಾಗಿ ನಿದ್ದೆ ಬಂದೀತು.

೨೫ ಡಿಸೆಂಬರ್

ಅಪಾಯ ಬೇಡವೆಂದು ಹೊರಗೆ ಚಪ್ಪರ ಹಾಕಿಸಿ ಪೂಜೆ ಮಾಡಿದೆ. ಆಶೀರ್ವಾದ ಮುಗಿದದ್ದೇ ತಡ, ಎಲ್ಲರೂ ಎದ್ದು ಸಾಲಾಗಿ ಒಳಗೆ ಹೋಗಿ ಕುಳಿತರು. ಕೇಳಿದರೆ "ಹೊರಗಿಂದು ನಿಮ್ಮದಾತು, ಈಗ ನಮ್ಮದು" ಅಂತಾರೆ. ಇವರಿಗೆ ಏನು ಹೇಳುವುದು?

ಮನೆಯಿಂದ ಕ್ರಿಸ್ಮಸ್ಸಿನ ಸಿಹಿ ತಿಂಡಿ ಬಂದಿತ್ತು, ಕಲ್‌ಕಲ್, ಕಿಡಿಯೊ. ಫಕೀರವ್ವ ಒಂದು ಬಾಯಿಗೆ ಹಾಕಿಕೊಂಡು, "ಮಕ್ಕಳ ತಿಂಡಿ" ಎಂದು ತೀರ್ಮಾನ ಕೊಟ್ಟಳು. ಡಬ್ಬಿ ಸಂಜೆಗೆ ಖಾಲಿ.

೧೪ ಫೆಬ್ರವರಿ ೧೯೮೪

ಇವತ್ತು ಯುದ್ಧ. ಮೈಲಾರಪ್ಪನ ಎತ್ತು, ಅದೇ "ಯಾವ ಸಂತಿರಿ" ಎಂದು ಕೇಳಿದವನದು, ಅಣ್ಣಿಗೇರಿ ಸಂತೆಯಲ್ಲಿ ಕಳೆದು ಮರುವಾರ ಸಿಕ್ಕಿದೆ. ಬುಟ್ಟಿ ಮಣ್ಣು ಹೊತ್ತು ಬಂದ. ಇನ್ನು ಒಂದು ಹಿಡಿ ಮಣ್ಣೂ ಮೇಲೆ ಹೋಗಬಾರದು ಎಂದು ನಾನು ನಿಚ್ಚಣಿಕೆ ಎತ್ತಿಟ್ಟಿದ್ದೆ.

ಅವನು ವಾದ ಮಾಡಲಿಲ್ಲ. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತ. ಮಧ್ಯಾಹ್ನವಾಯಿತು, ಕುಳಿತೇ ಇದ್ದ. ಅವನ ಹೆಂಡತಿ ಸಾವಕ್ಕ ಬುತ್ತಿ ತಂದುಕೊಟ್ಟು ತಾನೂ ಬಾಜು ಕುಳಿತಳು. ಸಂಜೆಗೆ ಆ ಎತ್ತನ್ನೇ ಹೊಡೆದುಕೊಂಡು ಬಂದು ನನ್ನ ಕಿಟಕಿಯ ಮುಂದೆ ಕಟ್ಟಿದರು. ಎತ್ತು ನನ್ನನ್ನೇ ನೋಡುತ್ತಿತ್ತು. ಎಷ್ಟು ಹೊತ್ತು ತಡೆಯಲಿ? ನಿಚ್ಚಣಿಕೆ ಕೊಟ್ಟೆ.

"ಒಂದೇ ಬುಟ್ಟಿ ಮತ್ತ!" ಎಂದು ಕೂಗಿದೆ. "ಒಂದ ಎತ್ತಲ್ರಿ ಕಳದಿದ್ದು" ಎಂದ ಮೇಲಿನಿಂದ.

೨೭ ಮಾರ್ಚ್

ಅಗದಿ ಬಿಸಿಲು. ಮಧ್ಯಾಹ್ನ ಹೊರಗೆ ನಾಯಿಯೂ ಇಲ್ಲ. ನಾನಿರುವ ತಗಡಿನ ಮನೆ ಕಾದ ಹಂಚು. ಹಾಗಾಗಿ ಇಗರ್ಜಿಯ ಕಿಟಕಿಗೂಡಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಒಳಗೆ ಬಾವಿಯ ಕಟ್ಟೆಯ ಹಾಗೆ ತಂಪು ಐತಿ. ಅಪಾಯದ ಕಟ್ಟಡ ಅಂತ ನಾನೇ ಹೇಳಿ, ನಾನೇ ಮಲಗುವುದು ಸರಿಯಲ್ಲ, ಆದರೆ ಫಕೀರವ್ವ ಆಗಲೇ ಚಾಪೆ ಹಾಸಿಟ್ಟಿರುತ್ತಾಳೆ.

ನಕ್ಷೆ ತೆಗೆದು ನೋಡಿದೆ. ಸಿಮೆಂಟಿನ ತೆಳು ಗೋಡೆ, ಪಶ್ಚಿಮಕ್ಕೆ ಸಾಲು ಗಾಜು. ಈ ಬಿಸಿಲಿಗೆ ಒಳಗಿದ್ದವರು ಬೆಂದುಹೋದಾರು. ನಕ್ಷೆ ಬರೆದವರು ಈ ಕಡೆ ಬೇಸಿಗೆ ನೋಡಿಲ್ಲ ಕಾಣುತ್ತದೆ. ನೋಡಿದ್ದರೆ ಗಿಳಿಗಳನ್ನಾದರೂ ಉಳಿಸುತ್ತಿದ್ದರು.

೧೯ ಏಪ್ರಿಲ್, ಪವಿತ್ರ ಗುರುವಾರ

ಕಾಲು ತೊಳೆಯುವ ವಿಧಿ ನಡೆಯುತ್ತಿತ್ತು. ಒಳಗೇ. ಇವರನ್ನು ಹೊರಗೆ ಕೂರಿಸುವುದು ನನ್ನಿಂದ ಆಗಲಿಲ್ಲ. ಮೈಲಾರಪ್ಪನ ಕಾಲು ನನ್ನ ಕೈಯಲ್ಲಿದ್ದಾಗ ಮೇಲೆ "ಚಟ್" ಎಂದು ಸದ್ದಾಯಿತು. ನಡುವಿನ ತೊಲೆ ಸೀಳಿದೆ. ಪುಡಿ ಮಣ್ಣು ಸುರಿದು ಬೋಗುಣಿಯ ನೀರಿಗೆ ಬಿತ್ತು. ಯಾರೂ ಓಡಲಿಲ್ಲ. ಮುದುಕಿಯರನ್ನು ಮೊದಲು, ಆಮೇಲೆ ಕೂಸುಗಳ ತಾಯಂದಿರನ್ನು, ಕೈಹಿಡಿದು ಹೊರಗೆ ಕಳಿಸಿದೆ. ಕೊನೆಗೆ ನಾನು ಮತ್ತು ಅರ್ಧ ತೊಳೆದ ಕಾಲಿನ ಮೈಲಾರಪ್ಪ.

ತೊಲೆಗೆ ಬಡಿಗೇರರಿಂದ ಆಸರೆ ಕೊಡಿಸಿದ್ದೇನೆ. ಯಾರಿಗಾದರೂ ಏನಾದರೂ ಆಗಿದ್ದರೆ?

೨೪ ಏಪ್ರಿಲ್

ಬೇವಿನ ಕೆಳಗೆ ಊರವರ ಸಭೆ. ಕೆಡವುತ್ತೇವೆ ಎಂದೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿದ್ದು ನೋಡಿ ನನ್ನ ಬಾಯಿಂದ ತಾನಾಗಿ ಬಂತು: "ಹೋಗಲಿ, ಸದ್ಯ ಮಣ್ಣನ್ನಾದರೂ ಇಳಿಸೋಣ. ಮಳೆಯೊಳಗೆ ಯಾರ ಮೈಮೇಲೂ ಬೀಳದಿರಲಿ. ಕೆಡವುವುದು ಆಮೇಲೆ."

ಅದಕ್ಕಿನ್ನೂ ದೊಡ್ಡ ಗಲಾಟೆ. ಕೊಟ್ಟ ಹರಕೆಯ ಮಣ್ಣು ಹೊಳ್ಳಿ ತೆಗೆದರೆ ಸಿಕ್ಕಿದ್ದು ಹೊಳ್ಳಿ ಹೋಗುತ್ತದಂತೆ! ಮೈಲಾರಪ್ಪ ಅಲ್ಲೇ ಎದ್ದು ಎತ್ತು ನೋಡಿ ಬರಲು ಓಡಿದ.

ಈ ಗದ್ದಲದಲ್ಲಿ ಫಕೀರವ್ವ ತನ್ನದೇ ರಾಗ ತೆಗೆದಳು. "ನಮ್ಮನಿ ಮ್ಯಾಳಗಿ ಹ್ವಾದ ವರ್ಷ ಸೋರಿ ಸೋರಿ ಸಾಕಾತು. ಹಳ್ಳಕ್ಕ ಹೋಗಿ ಮಣ್ಣು ಹೊರಾಕ ನನಗ ಶಕ್ತಿ ಇಲ್ಲ. ಅಲ್ಲಿ ಮ್ಯಾಲ ಅಷ್ಟ ಬಿದ್ದೈತಿ..."

ನನಗೆ ಥಟ್ಟನೆ ಹೊಳೆಯಿತು. "ಕೇಳ್ರಿ! ಮಣ್ಣು ನಾವು ತಗೊಳ್ಳಾಕತ್ತಿಲ್ಲ. ಅಂವ ಕೊಡಾಕತ್ತಾನ. ದೇವರಿಗೆ ಕೊಟ್ಟ ಕಾಯಿ ಪ್ರಸಾದ ಆಗಿ ಮನೀಗೆ ಬರಂಗಿಲ್ಲೇನು? ಇದು ಸಂತಿ ಅಂತೋಣಿ ಪ್ರಸಾದ. ಮನಿಗೊಂದು ಬುಟ್ಟಿ ನಿಮ್ಮ ಮ್ಯಾಳಗಿಗೆ ಹಾಕ್ರಿ."

ಇನ್ನಾಸಪ್ಪ ತಲೆ ಕೆರೆದುಕೊಂಡ. ಫಕೀರವ್ವ ಮಾತ್ರ ಎದ್ದು ಬುಟ್ಟಿ ತರಲು ಹೋದಳು.

೫ ಮೇ

ಮನಿಗೊಂದು ಬುಟ್ಟಿ ಅಂದದ್ದು ನಾನೇ ಹೌದು. ಆದರೆ ಪ್ರಸಾದ ಹಾಕಿದ ಮಾಳಿಗೆಯ ಕೆಳಗೆ ಏನೂ ಕಳೆಯುವುದಿಲ್ಲ ಎಂದು ಯಾರೋ ಸುದ್ದಿ ಹಬ್ಬಿಸಿದ್ದಾರೆ. ನಿನ್ನೆ ಬಾಜೂ ಊರಿನ ಮಠದಿಂದ ಒಂದು ಗಾಡಿ ಬಂತು. ಬಾಷಾಸಾಬ ಎಂಬವನು ತನ್ನ ಜಮಖಾನೆಯ ಅಂಗಡಿಗೆಂದು ನವಲಗುಂದದಿಂದ ಬಂದ. ಇವತ್ತು ಸಂಶಿಯಿಂದ ಯಾರೋ ಹೆಸರು ಗೊತ್ತಿಲ್ಲದವರು ಚೀಲ ತಂದಿದ್ದರು. ಇಳಿಸುವುದಿಲ್ಲ ಎಂದು ಹಟ ಮಾಡಿದ ಮಂದಿಯೇ ಈಗ ಸಾಲು ತಪ್ಪಿಸಿ ಮುಂದೆ ಬರುತ್ತಾರೆ. ನಾನು ನಿಚ್ಚಣಿಕೆಯ ಬುಡದಲ್ಲಿ ನಿಂತು "ಸಾಲು ಹಚ್ರಿ" ಎಂದು ಕೂಗಿ ಕೂಗಿ ಗಂಟಲು ಹೋಯಿತು. ಭಾಳ ಮಜಾ ಬಂತು.

೨೮ ಮೇ

ಶಂಭುಲಿಂಗಪ್ಪನವರು ಬಂದು ನೋಡಿ ಬೆರಗಾದರು. ಭಾರ ಇಳಿದದ್ದೇ ಬಾಗಿದ ಜಂತಿಗಳು ನೆಟ್ಟಗಾಗಿವೆ. ಸೀಳಿದ ತೊಲೆಗೆ ಬದಲು ಕಲಘಟಗಿಯಿಂದ ಹೊಸದು ತಂದು ಕೂರಿಸಿದ್ದಾಯಿತು. ಅವರು ಕಂಬಕ್ಕೊಂದು ಗುದ್ದು ಕೊಟ್ಟು, "ಇನ್ನೂ ಐವತ್ತು ವರ್ಷ ಚಿಂತಿ ಇಲ್ರಿ. ಕೆಡವೂ ಜರೂರಿ ಏನೈತಿ? ಒಂದು ತೆಳ್ಳನ ಮಣ್ಣಿನ ಪದರ ಹಾಕಿಸಿಬಿಡ್ರಿ" ಎಂದರು. ಅದನ್ನೇ ದೊಡ್ಡ ಸ್ವಾಮಿಗಳಿಗೂ ತಿಳಿಸುತ್ತಾರಂತೆ.

ಹಾಗಾದರೆ ಹೊಸ ಇಗರ್ಜಿ ಇಲ್ಲ. ಹೊಸ ಇಗರ್ಜಿ ಇಲ್ಲವೆಂದರೆ ಕರಾವಳಿಯೂ ಇಲ್ಲ. ಇದು ನನಗೆ ಊಟಕ್ಕೆ ಕೂತ ಮೇಲೆ ಹೊಳೆಯಿತು. ಬೇಜಾರಾಗಬೇಕಿತ್ತು. ಎಣ್ಣೆಗಾಯಿ ಪಲ್ಯ ಚಲೋ ಆಗಿತ್ತು, ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

೯ ಜೂನ್

ಹುಬ್ಬಳ್ಳಿಗೆ ಹೋಗಿದ್ದ ಇನ್ನಾಸಪ್ಪ ಸುದ್ದಿ ತಂದ. ದೊಡ್ಡ ಸ್ವಾಮಿಗಳು ಹದಿಮೂರಕ್ಕೆ, ಅಂತೋನಿಯವರ ಹಬ್ಬಕ್ಕೆ, ಜೀಪಿನಲ್ಲಿ ಬರುತ್ತಾರೆ. ಇಂಜಿನಿಯರರ ಮಾತು ಅವರಿಗೆ ಒಪ್ಪಿಗೆ. ಕಟ್ಟುವ ಕೆಲಸ ಇಲ್ಲವಾದ್ದರಿಂದ ನನ್ನನ್ನು ಇಲ್ಲಿ ಇಟ್ಟುಕೊಳ್ಳುವ ಕಾರಣವೂ ಇಲ್ಲ. ಕಡಲ ತಡಿಯ ಒಂದು ಇಗರ್ಜಿಗೆ ಜಾಗ ಆಗಿದೆ, ಅದೇ ಜೀಪಿನಲ್ಲಿ ಹೊರಡಬೇಕು.

ಸಂತೋಷದ ಸುದ್ದಿ.

ಫಕೀರವ್ವ ಇವತ್ತು ಒಂದು ಮಾತೂ ಆಡದೆ ತಾಟು ಇಟ್ಟು ಹೋದಳು.

೧೨ ಜೂನ್

ಬೆಳಿಗ್ಗೆಯಿಂದ ಪಡುವಣ ಕಪ್ಪಗಾಗಿದೆ. ಮಾಳಿಗೆ ಮಾತ್ರ ಬೋಳು. ಪ್ರಸಾದ ಪ್ರಸಾದ ಅಂತ ಮಂದಿ ಬಳಿದುಕೊಂಡು ಹೋದ ಮೇಲೆ ಜಂತಿಯ ಸಂದಿಯಲ್ಲಿ ಮುಗಿಲು ಕಾಣುತ್ತದೆ. ಹಳ್ಳದಿಂದ ಸವಳು ಮಣ್ಣು ತರಿಸಿ ಗುಡ್ಡೆ ಹಾಕಿದ್ದೆ. ಊರೆಲ್ಲ ಬಂದು ಸುತ್ತ ನಿಂತಿತು. ಒಬ್ಬನೂ ಬುಟ್ಟಿ ಮುಟ್ಟಲಿಲ್ಲ.

"ಹರಕಿ ಇಲ್ದ ಹ್ಯಾಂಗ ಹಾಕೂದ್ರಿ?" ಅಂದ ಮೈಲಾರಪ್ಪ. "ಏನರ ಸಿಕ್ಕಿದ್ರ ಹಾಕಬೇಕು. ಈ ಸಲ ನಮ್ಮೂರಾಗ ಏನೂ ಕಳದಿಲ್ಲ."

"ಪ್ರಸಾದ ಹಾಕೇವಲ್ರಿ ಎಲ್ಲಾರ ಮ್ಯಾಳಗಿಗೆ" ಎಂದಳು ಸಾವಕ್ಕ, ಹೆಮ್ಮೆಯಿಂದ.

ಒಬ್ಬ ತನ್ನ ಚಪ್ಪಲಿಯನ್ನು ಜಾಲಿಯ ಹಿಂದೆ ಎಸೆದು ಬಂದು ಹುಡುಕತೊಡಗಿದ. ಬೇಕಂತ ಕಳಕೊಂಡದ್ದು ನಡೆಯಂಗಿಲ್ಲ ಎಂದು ಹಿರಿಯರು ಬೈದರು. ದೂರದಲ್ಲಿ ಗುಡುಗು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆಗ ಫಕೀರವ್ವ ಮೂರು ದಿನದ ಮೌನ ಮುರಿದಳು.

"ಸ್ವಾಮ್ಯಾರ, ನೀವು ಏನರ ಕಳಕೊಂಡೀರೇನ್ರಿ?"

"ಊರು ಕಳಕೊಂಡೀನಿ ಬೇ" ಅಂದೆ. ಸಿಟ್ಟಿನಲ್ಲೇ ಅಂದದ್ದು.

"ಸಿಕ್ತೇನ್ರಿ?"

ನಾಳೆ ಜೀಪು ಬಂದರೆ ಸಿಗತೈತಿ ಅನ್ನಬೇಕಿತ್ತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಮೈಲಾರಪ್ಪ, ಸಾವಕ್ಕ, ಇನ್ನಾಸಪ್ಪ, ಒಂದು ಕಾಲಿಗೆ ಚಪ್ಪಲಿ ಇಲ್ಲದವನು.

"ಸಿಕ್ಕೈತಿ" ಅಂದೆ.

ಬುಟ್ಟಿ ತುಂಬಿ ತಲೆಯ ಮೇಲಿಟ್ಟುಕೊಂಡು ನಿಚ್ಚಣಿಕೆ ಹತ್ತಿದೆ. ಬಿಳಿ ನಿಲುವಂಗಿ ಕೆಸರಾಯಿತು. ಮೇಲೆ ಮಣ್ಣು ಸುರುವಿ ತಿರುಗಿ ನೋಡಿದರೆ ಫಕೀರವ್ವ ಬುಟ್ಟಿ ಹಿಡಿದು ಕೆಳಗೆ ನಿಂತಿದ್ದಾಳೆ.

"ನಿಂದೇನು ಸಿಕ್ಕೈತಿ ಬೇ?"

"ಹಿಂದಿನ ಸ್ವಾಮ್ಯಾರು ಹೋದಮ್ಯಾಲೆ ಎಂಟು ವರ್ಷ ಈ ಊರಾಗ ಪಾದರ್ರ ಇದ್ದಿದ್ದಿಲ್ಲ" ಅಂದಳು. "ಕಳಕೊಂಡಿದ್ವಿ. ಸಿಕ್ಕಾರ."

ಆಮೇಲೆ ಯಾರೂ ಹರಕೆಯ ಮಾತು ಎತ್ತಲಿಲ್ಲ. ಕತ್ತಲಾಗುವುದರೊಳಗೆ ಮಾಳಿಗೆ ಮುಗಿಯಿತು. ಗೇಣು ದಪ್ಪ, ಅದಕ್ಕಿಂತ ಹೆಚ್ಚು ಬ್ಯಾಡ ಎಂದು ನಾನೇ ನಿಂತು ತಡೆದೆ. ಬೆನ್ನು ಹಿಡಿದುಕೊಂಡಿದೆ.

೧೩ ಜೂನ್, ಅಂತೋಣಿ ಹಬ್ಬ

ಪೂಜಿ ಅರ್ಧ ಆಗಿತ್ತು, ಮಳಿ ಬಂತು. ಎಂಥಾ ಮಳಿ! ಮಾಳಿಗೆಯಂಚಿನ ದೋಣಿಗಳಿಂದ, ಅಂದರೆ ಮಳೆನೀರಿನ ಕೊಳವೆಗಳಿಂದ, ನೀರು ಧೋ ಅಂತ ಹೊರಗೆ ಹಾರುತ್ತಿತ್ತು. ಒಳಗೆ ಎಲ್ಲರೂ ದೇವರನ್ನು ಬಿಟ್ಟು ಮೇಲೆ ನೋಡುತ್ತಿದ್ದರು, ನಾನೂ. ಒಂದು ಹನಿ ಇಳಿಯಲಿಲ್ಲ. ಬೆಳಕಿಂಡಿ ಮುಚ್ಚಲು ಮರೆತಿದ್ದೆವು, ಅದರಿಂದ ನಾಲ್ಕು ಹನಿ ದೊಡ್ಡ ಸ್ವಾಮಿಗಳ ಬೋಳು ತಲೆಯ ಮೇಲೆ ಬಿದ್ದವು. "ಆಶೀರ್ವಾದ ಆತು" ಎಂದು ಹಿಂದಿನಿಂದ ಯಾರೋ ಅಂದರು. ದೊಡ್ಡ ಸ್ವಾಮಿಗಳೇ ಮೊದಲು ನಕ್ಕರು.

ಜೀಪು ಕಪ್ಪು ಎರಿ ಮಣ್ಣಿನಲ್ಲಿ ಹೂತು ಕುಂತಿದೆ, ಎರಡು ದಿನ ಎದ್ದೇಳುವುದಿಲ್ಲ. ಊಟವಾದ ಮೇಲೆ ಅವರು ನನ್ನನ್ನು ಕರೆದು ಕೇಳಿದರು:

"ಜೀಪು ಎದ್ದ ಮೇಲೆ ಹೊರಡೋಣವಲ್ಲ? ನಿನ್ನ ಟ್ರಂಕು ಕಾಣುವುದಿಲ್ಲ?"

ಅದರ ಮೇಲೆ ಫಕೀರವ್ವ ಸಂಡಿಗಿ ಡಬ್ಬಿ ಇಟ್ಟಾಳ, ಎತ್ತಲಿಕ್ಕೆ ಬರಂಗಿಲ್ಲ. ಅದನ್ನು ಹೇಳದೆ, ನಾನು ಮನಸ್ಸಿನಲ್ಲಿಟ್ಟುಕೊಂಡಿದ್ದ ಮಾತು ನೇರ ಹೇಳಿಬಿಟ್ಟೆ. "ನಾ ಬರಂಗಿಲ್ರಿ. ಮ್ಯಾಳಗಿ ಹೊಸಾದೈತಿ, ವರ್ಷಾ ವರ್ಷಾ ಗೇಣು ದಪ್ಪ ನೋಡಿ ಹಾಕಿಸಬೇಕು. ಇಲ್ಲಂದ್ರ ಈ ಮಂದಿ ಮತ್ತ ಹೊಲಾ ಮಾಡಿ ಇಡತಾರ. ಯಾರರ ಬಾಜೂಕ ಇರಬೇಕಲ್ರಿ. ಕಡಲಿಗೆ ಬ್ಯಾರೆ ಯಾರನ್ನರ ಕಳಸ್ರಿ."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇರು, ಇಲ್ಲೇ ಇರು. ಆದರೆ ಸಿಪ್ರಿಯನ್, ನಿನ್ನ ಭಾಷೆಗೆ ಏನಾಯಿತು ಮಾರಾಯ?"

ಪಾಪ, ಅವರಿಗೂ ವಯಸ್ಸಾತು, ಕಿವಿ ಮಂದ ಆಗ್ಯಾವ. ನನ್ನ ಭಾಷಾಕ್ಕ ಏನಾಗೇತಿ? ಅಗದಿ ಮೊದಲಿನಂಗನ ಐತಲ್ಲ.